ದಾವೆ ನಡೆಯುತ್ತಿರುವಾಗ ಬಾಡಿಗೆ ಮನೆ ಮಾರಿದರೆ

ಬಾಡಿಗೆ ಮನೆಯ ಹೊರಮೆಟ್ಟಿಲ ಹಲಗೆಯೊಂದು ಮುರಿಯುತ್ತದೆ. ಇಳಿಯುತ್ತಿದ್ದ ಬಾಡಿಗೆದಾರರಿಗೆ ಸೊಂಟಕ್ಕೆ ಪೆಟ್ಟು. ಆಸ್ಪತ್ರೆ, ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ದುಡಿಮೆಯಿಲ್ಲದ ದಿನಗಳು. ಆಮೇಲೆ ಮಾಲೀಕರ ಕೈಗೆ ಸಮನ್ಸ್ ಬರುತ್ತದೆ: ಮೆಟ್ಟಿಲು ರಿಪೇರಿ ಮಾಡಿಸದ ತಪ್ಪಿಗೆ ಪರಿಹಾರ ಕೊಡಬೇಕು. ಅಷ್ಟು ಹೊತ್ತಿಗೆ ಅವರು ಆ ಮನೆಗೆ ಗಿರಾಕಿ ಹುಡುಕಿ ಮುಂಗಡವನ್ನೂ ಪಡೆದಿರಬಹುದು. ಇಲ್ಲವೇ ಸಮನ್ಸ್ ಕಂಡ ಮೇಲೆಯೇ ಮಾರುವ ಯೋಚನೆ ಹುಟ್ಟಬಹುದು.

ಆಗ ಎರಡು ಬಗೆಯ ಸಲಹೆ ಕೇಳಿಬರುತ್ತದೆ. ಕೇಸು ಮುಗಿಯುವ ತನಕ ಮನೆ ಮಾರುವಂತೆಯೇ ಇಲ್ಲ ಎನ್ನುವುದು ಒಂದು. ಮಾರಿಬಿಟ್ಟರೆ ಕೇಸಿನ ತಲೆನೋವು ಮನೆಯ ಜೊತೆಗೇ ಕೊಂಡವರ ಪಾಲಾಗುತ್ತದೆ ಎನ್ನುವುದು ಇನ್ನೊಂದು. ಎರಡೂ ತಪ್ಪು. ಗಾಯದ ದಾವೆ ಇರುವುದು ಮಾಲೀಕರ ಮೇಲೆ. ಮನೆ ಕೈಬದಲಾದರೂ ಹೊಣೆ ಅವರ ಬೆನ್ನು ಬಿಡುವುದಿಲ್ಲ. ಮಾರಾಟ ಸರಿಯೇ ತಪ್ಪೇ ಎನ್ನುವುದು ಯಾರಿಗೆ ಮಾರಿದರು, ಎಷ್ಟಕ್ಕೆ ಮಾರಿದರು, ಬಂದ ಹಣ ಎಲ್ಲಿಗೆ ಹೋಯಿತು ಎಂಬುದರ ಮೇಲೆ ನಿಂತಿದೆ. ಅಮೆರಿಕದ ನ್ಯಾಯಾಲಯಗಳು, ಅದರಲ್ಲೂ ಕ್ಯಾಲಿಫೋರ್ನಿಯದವು, ಈ ಪ್ರಶ್ನೆಯ ಒಂದೊಂದು ಎಳೆಯನ್ನೂ ಬಿಡಿಸಿ ನೋಡಿವೆ. ಸಿಲಿಕಾನ್ ವ್ಯಾಲಿಯಲ್ಲಿ ಒಂದು ಮನೆಯಲ್ಲಿ ವಾಸವಿದ್ದು ಇನ್ನೊಂದನ್ನು ಬಾಡಿಗೆಗೆ ಬಿಟ್ಟಿರುವ ಕನ್ನಡಿಗರಿಗೂ, ಊರಿಗೆ ಮರಳಿದ ಮೇಲೂ ಅಲ್ಲಿನ ಬಾಡಿಗೆ ಪಡೆಯುತ್ತಿರುವವರಿಗೂ ಇದು ಹತ್ತಿರದ ವಿಷಯ.

ಬಾಡಿಗೆದಾರ ಗಾಯಗೊಂಡರೆ ಮಾಲೀಕ ಹೊಣೆ ಎಂಬ ಮಾತು ಈಗ ಸಹಜವೆನಿಸುತ್ತದೆ. ನೂರು ವರ್ಷದ ಹಿಂದೆ ಹಾಗಿರಲಿಲ್ಲ. 1906ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಕ್ಯಾವಲಿಯರ್ ವಿರುದ್ಧ ಪೋಪ್ ಎಂಬ ಪ್ರಕರಣ ಬಂತು. ಅಡುಗೆಮನೆಯ ನೆಲ ಹಾಳಾಗಿತ್ತು, ಸರಿಪಡಿಸಿಕೊಡುವುದಾಗಿ ಮಾಲೀಕನ ಏಜೆಂಟ್ ಮಾತು ಕೊಟ್ಟಿದ್ದ, ಕೊಟ್ಟ ಮಾತು ಉಳಿಯಲಿಲ್ಲ. ಬಾಡಿಗೆದಾರನ ಹೆಂಡತಿ ಆ ನೆಲದಲ್ಲಿ ಕುಸಿದು ಗಾಯಗೊಂಡಳು. ಬಾಡಿಗೆ ಕರಾರು ಗಂಡನ ಹೆಸರಿನಲ್ಲಿತ್ತು. ಅವಳು ಕರಾರಿನಲ್ಲಿ ಇಲ್ಲವಾದ್ದರಿಂದ ಅವಳಿಗೆ ಪರಿಹಾರವಿಲ್ಲ ಎಂದು ತೀರ್ಪಾಯಿತು. ಅದೇ ನೆಲದ ಮೇಲೆ ದಿನವಿಡೀ ನಿಂತು ಅಡುಗೆ ಮಾಡುತ್ತಿದ್ದವಳಿಗೆ ಆ ನೆಲದ ಬಗ್ಗೆ ಕೇಳುವ ಹಕ್ಕಿಲ್ಲ ಎಂದ ಈ ತೀರ್ಪು ಇಂದು ಓದುವಾಗಲೂ ಕಸಿವಿಸಿ ಹುಟ್ಟಿಸುತ್ತದೆ.

ಅಮೆರಿಕದಲ್ಲಿ ಗಾಳಿ ತಿರುಗಿದ್ದು 1960ರ ದಶಕದ ಕೊನೆಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದ ಅಪಾರ್ಟ್‌ಮೆಂಟೊಂದರಲ್ಲಿ ಬಚ್ಚಲಿನ ನಲ್ಲಿಯ ಪಿಂಗಾಣಿ ಹಿಡಿ ಒಡೆದು, ಬಂದಿದ್ದ ಅತಿಥಿಯ ಬಲಗೈಯ ನರಗಳು ತುಂಡಾದವು. ಹಿಡಿ ಬಿರುಕು ಬಿಟ್ಟಿದ್ದು ಆ ಮನೆಯಲ್ಲಿದ್ದ ಬಾಡಿಗೆದಾರಳಿಗೆ ಗೊತ್ತಿತ್ತು. ಮಾಲೀಕರಿಗೂ ಹೇಳಿದ್ದಳು, ಅತಿಥಿಗೆ ಮಾತ್ರ ಹೇಳಿರಲಿಲ್ಲ. 1968ರ ರೋಲ್ಯಾಂಡ್ ವಿರುದ್ಧ ಕ್ರಿಶ್ಚಿಯನ್ ತೀರ್ಪಿನಲ್ಲಿ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟ್, ಮನೆಯೊಳಗೆ ಬಂದವರು ಯಾವ ವರ್ಗದವರು ಎಂದು ಅಳೆಯುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಸ್ಥಳ ಯಾರ ಕೈಯಲ್ಲಿದೆಯೋ ಅವರು ಸಹಜ ಎಚ್ಚರ ವಹಿಸಬೇಕು ಎಂಬ ಒಂದೇ ಅಳತೆಯನ್ನು ಇಟ್ಟಿತು. ಐದು ವರ್ಷದ ಬಳಿಕ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸಾರ್ಜೆಂಟ್ ವಿರುದ್ಧ ರಾಸ್ ಪ್ರಕರಣ ಮನೆ ಮಾಲೀಕರ ಹಳೆಯ ರಕ್ಷಣೆಯನ್ನು ನೇರವಾಗಿಯೇ ಕಿತ್ತುಹಾಕಿತು. ಅಲ್ಲಿ ಕಡಿದಾದ ಹೊರಮೆಟ್ಟಿಲಿನಿಂದ ಬಿದ್ದು ಸತ್ತದ್ದು ನಾಲ್ಕು ವರ್ಷದ ಮಗು.

ಹೊಣೆ ಬಂದ ಮೇಲೆ ಹಣದ ಪ್ರಶ್ನೆ ಬರುತ್ತದೆ. ಇದನ್ನು ಅರಿಯಲು 1967ರ ಕ್ರಿಶಿ ವಿರುದ್ಧ ಸೆಕ್ಯುರಿಟಿ ಇನ್ಶೂರೆನ್ಸ್ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. ಎಪ್ಪತ್ತು ವರ್ಷದ ವಲಸಿಗ ವಿಧವೆಯೊಬ್ಬರಿಗೆ ಒಂದು ಅಪಾರ್ಟ್‌ಮೆಂಟ್ ಕಟ್ಟಡವಿತ್ತು. ಅಲ್ಲಿನ ಬಾಡಿಗೆದಾರ ಮಹಿಳೆ ಹೊರಗಿನ ಮರದ ಮೆಟ್ಟಿಲು ಇಳಿಯುವಾಗ ಹಲಗೆ ಕಳಚಿತು. ಆಕೆ ಸೊಂಟದವರೆಗೆ ಕೆಳಗೆ ತೂರಿ, ನೆಲದಿಂದ 15 ಅಡಿ ಎತ್ತರದಲ್ಲಿ ನೇತಾಡುತ್ತ ಉಳಿದರು. ಮೈಗಾದ ಪೆಟ್ಟಿಗಿಂತ ಮನಸ್ಸಿಗಾದ ಪೆಟ್ಟು ದೊಡ್ಡದಾಗಿತ್ತು. ತೀವ್ರ ಮಾನಸಿಕ ಕಾಯಿಲೆ ಕಾಣಿಸಿಕೊಂಡಿತು. ದಾವೆಯಲ್ಲಿ ಕೇಳಿದ ಮೊತ್ತ 4 ಲಕ್ಷ ಡಾಲರ್. ಮಾಲಕಿಯ ವಿಮೆ ಇದ್ದದ್ದು 10,000 ಡಾಲರಿಗೆ ಮಾತ್ರ.

ವಾದಿಯ ಕಡೆಯವರು ಆ 10,000ಕ್ಕೇ ರಾಜಿಗೆ ಬಂದರು. ಆಮೇಲೆ 9,000ಕ್ಕೂ ಇಳಿದರು. ಅದರಲ್ಲಿ 2,500 ಡಾಲರ್ ತಾನೇ ಕೊಡುತ್ತೇನೆ ಎಂದು ಮಾಲಕಿ ಮುಂದೆ ಬಂದರು. ವಿಮಾ ಕಂಪನಿ ಒಪ್ಪಲಿಲ್ಲ; ಮೈಪೆಟ್ಟಿಗೆ 3,000 ಕೊಟ್ಟೇವು, ಮನೋರೋಗಕ್ಕೆ ಕೊಡೆವು ಎಂದಿತು. ಜ್ಯೂರಿ ಗಾಯಗೊಂಡ ಮಹಿಳೆಗೆ 1 ಲಕ್ಷ, ಆಕೆಯ ಗಂಡನಿಗೆ 1,000 ಡಾಲರ್ ಪರಿಹಾರ ನಿಗದಿ ಮಾಡಿತು. ಕಂಪನಿ ತನ್ನ 10,000 ಕಟ್ಟಿ ಹಿಂದೆ ಸರಿಯಿತು. ಉಳಿದ 91,000 ವಿಧವೆಯ ತಲೆಯ ಮೇಲೆ ಬಿತ್ತು. ಆಕೆ 22,000 ಡಾಲರ್ ಕೊಟ್ಟು, ಇನ್ನೊಂದು ಆಸ್ತಿಯ ಮೇಲಿದ್ದ ತನ್ನ ಹಕ್ಕಿನಲ್ಲಿ ಶೇ. 40 ಪಾಲನ್ನೂ ಬಿಟ್ಟುಕೊಟ್ಟು, ವಿಮಾ ಕಂಪನಿಯ ಮೇಲಿನ ತನ್ನ ಹಕ್ಕನ್ನು ವಾದಿಗಳಿಗೇ ವರ್ಗಾಯಿಸಿ ರಾಜಿಯಾದರು. ಬಾಡಿಗೆ ಪಡೆಯುತ್ತಿದ್ದ ಹೆಂಗಸು ಊರವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದರು. ಆಕೆಯ ಮನೆ ಬಾಡಿಗೆಯನ್ನು ಮೊಮ್ಮಕ್ಕಳು ಕಟ್ಟುತ್ತಿದ್ದರು. ಆತ್ಮಹತ್ಯೆಗೂ ಯತ್ನಿಸಿದರೆಂದು ತೀರ್ಪಿನಲ್ಲೇ ದಾಖಲಾಗಿದೆ. ಕೊನೆಗೆ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟ್, ರಾಜಿಗೆ ಒಪ್ಪದ ಕಂಪನಿಯೇ ಆ 91,000 ಡಾಲರನ್ನೂ, ಮಾಲಕಿಯ ಮಾನಸಿಕ ಯಾತನೆಗಾಗಿ ಇನ್ನೂ 25,000 ಡಾಲರನ್ನೂ ಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಈ ತೀರ್ಪನ್ನು ಬರೆದವರೂ ರೋಲ್ಯಾಂಡ್ ತೀರ್ಪನ್ನು ಬರೆದವರೂ ಒಬ್ಬರೇ, ನ್ಯಾಯಮೂರ್ತಿ ರೇಮಂಡ್ ಪೀಟರ್ಸ್.

ಮೆಟ್ಟಿಲ ಮೇಲಿದ್ದವರೂ ಮೆಟ್ಟಿಲಿನ ಒಡತಿಯೂ ಇಬ್ಬರೂ ನೊಂದವರು ಎಂಬುದನ್ನು ಈ ಪ್ರಕರಣ ತೋರಿಸುತ್ತದೆ. ಮನೆ ಮಾರುವ ಮುನ್ನ ಮಾಲೀಕರು ತೆರೆದು ನೋಡಬೇಕಾದ ಮೊದಲ ಕಾಗದ ಯಾವುದೆಂಬುದನ್ನೂ ಅದು ಹೇಳುತ್ತದೆ: ಗಾಯವಾದ ದಿನ ಜಾರಿಯಲ್ಲಿದ್ದ ವಿಮಾ ಪಾಲಿಸಿ. ಅಮೆರಿಕದ ಬಾಡಿಗೆ ಮನೆ ವಿಮೆಗಳು ಸಾಮಾನ್ಯವಾಗಿ ಘಟನೆಯ ದಿನಾಂಕವನ್ನು ಹಿಡಿದು ನಡೆಯುತ್ತವೆ. ಆ ದಿನ ಪಾಲಿಸಿ ಜೀವಂತವಿದ್ದರೆ ಸಾಕು. ಆಮೇಲೆ ಮನೆ ಮಾರಿದರೂ, ಪಾಲಿಸಿ ಮುಗಿದರೂ ಕಂಪನಿ ವಕೀಲರನ್ನು ನೇಮಿಸಿ ವಾದಿಸಬೇಕು, ಮಿತಿಯವರೆಗೆ ಹಣ ಕಟ್ಟಬೇಕು. ಆದರೆ ಸಮನ್ಸ್ ಬಂದ ಕೂಡಲೇ ಕಂಪನಿಗೆ ತಿಳಿಸಿರಬೇಕು. ದೂರಿನ ಮೇಲೆ ದೂರು ಬಂದರೂ ಬೇಕೆಂದೇ ಕಡೆಗಣಿಸಿದ್ದಕ್ಕೆ ಕೋರ್ಟು ದಂಡನೆಯ ರೂಪದ ಪರಿಹಾರ ವಿಧಿಸಿದರೆ ಅದನ್ನು ವಿಮೆ ತುಂಬಲಾಗದು ಎನ್ನುವುದು ಕ್ಯಾಲಿಫೋರ್ನಿಯದ ನೀತಿ. ಆ ಭಾಗ ಮಾಲೀಕರ ಸ್ವಂತ ಗಂಟಿನಿಂದಲೇ ಹೋಗಬೇಕು.

ಇನ್ನು ಮಾರಾಟದ ವಿಷಯ. ಆಸ್ತಿಯ ಮೇಲೆ ವ್ಯಾಜ್ಯವಿದೆ ಎಂದು ಊರಿಗೆಲ್ಲ ತಿಳಿಸುವ ನೋಟಿಸೊಂದನ್ನು ನೋಂದಣಿ ಕಚೇರಿಯಲ್ಲಿ ದಾಖಲಿಸುವ ಪದ್ಧತಿ ಅಲ್ಲಿದೆ. ಅದು ಬಿದ್ದರೆ ಮನೆ ಮಾರಾಟ ಸ್ತಬ್ಧವಾದಂತೆಯೇ. ಆದರೆ ಆ ನೋಟಿಸ್ ಹಾಕಲು ದಾವೆ ಆಸ್ತಿಯ ಹಕ್ಕು ಅಥವಾ ಸ್ವಾಧೀನಕ್ಕೆ ಸಂಬಂಧಿಸಿರಬೇಕು. ಕಾಲು ಮುರಿದದ್ದಕ್ಕೆ ಹಣ ಕೇಳುವ ದಾವೆಗೆ ಅದು ಸಿಗುವುದಿಲ್ಲ. ತೀರ್ಪಿಗೆ ಮುಂಚಿನ ಜಪ್ತಿಯೂ ಕ್ಯಾಲಿಫೋರ್ನಿಯದಲ್ಲಿ ಬಹುಮಟ್ಟಿಗೆ ಕರಾರಿನ ಸಾಲಗಳಿಗೆ ಮೀಸಲು.

ಎಲ್ಲ ರಾಜ್ಯಗಳಲ್ಲೂ ಇಷ್ಟು ಬಿಗಿ ಇರಲಿಲ್ಲ. ಹಲ್ಲೆಯಿಂದ ಗಾಯವಾಯಿತೆಂದು ಕನೆಕ್ಟಿಕಟ್‌ನಲ್ಲಿ ಒಬ್ಬಾತ ದಾವೆ ಹೂಡಲು ಹೊರಟು, ಐದು ವಾಕ್ಯದ ಪ್ರಮಾಣಪತ್ರವೊಂದನ್ನು ಕೊಟ್ಟು, ಎದುರಾಳಿಯ ಮನೆಯನ್ನು 75,000 ಡಾಲರಿಗೆ ಜಪ್ತಿ ಮಾಡಿಸಿದ್ದ. ಮನೆಯವನ ಮಾತನ್ನು ಯಾರೂ ಕೇಳಿರಲಿಲ್ಲ. 1991ರಲ್ಲಿ ಕನೆಕ್ಟಿಕಟ್ ವಿರುದ್ಧ ಡೋರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. ವಿಚಾರಣೆಯಿಲ್ಲದೆ ಮನೆಯನ್ನು ಜಪ್ತಿ ಮಾಡಿಸುವ ಅಧಿಕಾರವನ್ನು ವಾದಿಯ ಕೈಗೆ ಕೊಡಬಾರದು ಎನ್ನುವುದು ನ್ಯಾಯವಾದ ಮಾತೇ. ಆದರೆ ಅದರ ಇನ್ನೊಂದು ಮಗ್ಗುಲೂ ಇದೆ: ದಾವೆ ಮುಗಿಯಲು ಎರಡು ಮೂರು ವರ್ಷ ಹಿಡಿದರೆ, ಅಷ್ಟರಲ್ಲಿ ಪ್ರತಿವಾದಿಯ ಆಸ್ತಿಯೆಲ್ಲ ಕರಗಿಹೋಗಬಹುದು. ಗಾಯಗೊಂಡವರ ಕೈಗೆ ಉಳಿಯುವುದು ತೀರ್ಪಿನ ಕಾಗದ.

ಈ ಭಯಕ್ಕೆ ಕಾನೂನು ಕೊಟ್ಟ ಉತ್ತರ ಬಹಳ ಹಳೆಯದು. 1571ರಲ್ಲಿ, ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, ಸಾಲ ಕೊಟ್ಟವರಿಗೆ ಮೋಸ ಮಾಡಲು ನಡೆಸಿದ ಪರಭಾರೆ ನಿಲ್ಲದು ಎಂಬ ಶಾಸನ ಬಂತು. 1601ರ ಟ್ವೈನ್ ಪ್ರಕರಣ ಅದರ ಪ್ರಸಿದ್ಧ ಉದಾಹರಣೆ. ಪಿಯರ್ಸ್ ಎಂಬಾತ ಒಬ್ಬನಿಗೆ 400 ಪೌಂಡ್, ಇನ್ನೊಬ್ಬನಿಗೆ 200 ಪೌಂಡ್ ಸಾಲ ಕೊಡಬೇಕಿತ್ತು. ಎರಡನೆಯವನು ದಾವೆ ಹೂಡಿದ. ದಾವೆ ನಡೆಯುತ್ತಿರುವಾಗಲೇ ಪಿಯರ್ಸ್ 300 ಪೌಂಡ್ ಬೆಲೆಯ ತನ್ನ ಚರಾಸ್ತಿಯಷ್ಟನ್ನೂ ಗುಟ್ಟಾಗಿ ಮೊದಲನೆಯವನಾದ ಟ್ವೈನ್‌ಗೆ ಬರೆದುಕೊಟ್ಟ. ಆದರೆ ಕುರಿಗಳು ಅವನ ದೊಡ್ಡಿಯಲ್ಲೇ ಉಳಿದವು. ಅವುಗಳ ಉಣ್ಣೆ ಕತ್ತರಿಸಿದವನೂ, ಮೈಮೇಲೆ ಗುರುತು ಹಾಕಿದವನೂ ಅವನೇ. ಎಲ್ಲ ಆಸ್ತಿ ಒಂದೇ ಸಲ ಹೋಗಿದೆ, ಗುಟ್ಟಾಗಿ ಹೋಗಿದೆ, ದಾವೆಯ ನಡುವೆ ಹೋಗಿದೆ, ಹೋದ ಮೇಲೂ ಮೊದಲಿನವನ ಬಳಿಯೇ ಇದೆ. ನ್ಯಾಯಾಲಯ ಈ ಲಕ್ಷಣಗಳನ್ನು ಎಣಿಸಿ ವರ್ಗಾವಣೆಯನ್ನು ಮೋಸವೆಂದಿತು.

ನಾಲ್ಕು ಶತಮಾನ ಕಳೆದರೂ ಎಣಿಸುವ ಲಕ್ಷಣಗಳು ಹೆಚ್ಚುಕಡಿಮೆ ಅವೇ. ಕ್ಯಾಲಿಫೋರ್ನಿಯದಲ್ಲಿ 2016ರ ಜನವರಿ 1ರಿಂದ ಹೊಸ ಹೆಸರಿನಲ್ಲಿ ಜಾರಿಯಲ್ಲಿರುವ ಕಾಯ್ದೆ, ವರ್ಗಾವಣೆಗೆ ಮುಂಚೆ ದಾವೆ ಬಿದ್ದಿತ್ತೇ ಅಥವಾ ಬೀಳುವ ಬೆದರಿಕೆಯಿತ್ತೇ, ಕೊಂಡವರು ಒಳಗಿನವರೇ, ತಕ್ಕ ಬೆಲೆ ಬಂದಿದೆಯೇ ಎಂದು ಕೇಳುತ್ತದೆ. ಇನ್ನೂ ತೀರ್ಪಾಗದ, ಮೊತ್ತ ನಿಗದಿಯಾಗದ ದಾವೆಯ ವಾದಿಯನ್ನೂ ಅದು ಸಾಲ ಬರಬೇಕಾದವರ ಸಾಲಿನಲ್ಲಿ ಸೇರಿಸಿಕೊಳ್ಳುತ್ತದೆ. ಹಾಗಾಗಿ ಸಮನ್ಸ್ ಬಂದ ವಾರವೇ ಮನೆಯನ್ನು ಭಾವಮೈದುನನ ಹೆಸರಿಗೆ ಅಗ್ಗಕ್ಕೆ ಬರೆಯುವುದು, ಅಥವಾ ಅವಸರದಲ್ಲಿ ಕಂಪನಿಯೊಂದನ್ನು ಹುಟ್ಟುಹಾಕಿ ಅದಕ್ಕೆ ದಾನ ಮಾಡುವುದು, ತನ್ನ ವಿರುದ್ಧ ತಾನೇ ಸಾಕ್ಷಿ ಬರೆದುಕೊಟ್ಟಂತೆ. 2004ರ ಕರ್ಕ್‌ಬಿ ತೀರ್ಪು ಇದಕ್ಕೆ ಇನ್ನೊಂದು ಹಲ್ಲು ಕೊಟ್ಟಿತು: ಮೋಸದ ವರ್ಗಾವಣೆಯನ್ನು ರದ್ದು ಮಾಡಿ ಎಂದು ಕೇಳುವ ದಾವೆ ಆಸ್ತಿಗೆ ಸಂಬಂಧಿಸಿದ್ದೇ, ಆದ್ದರಿಂದ ವ್ಯಾಜ್ಯದ ನೋಟಿಸನ್ನು ದಾಖಲಿಸಬಹುದು. ಪ್ರಾಮಾಣಿಕವಾಗಿ ಮಾರಿದ್ದರೆ ಬಾರದಿದ್ದ ತಡೆ, ಬಚ್ಚಿಡಲು ಹೋದದ್ದಕ್ಕೆ ಬರುತ್ತದೆ.

ಅಪರಿಚಿತ ಗಿರಾಕಿಗೆ ಮಾರುಕಟ್ಟೆ ಬೆಲೆಗೆ ಮಾರಿದರೆ ಚಿತ್ರ ಬೇರೆ. ಒಳ್ಳೆಯ ನಂಬಿಕೆಯಿಂದ ತಕ್ಕ ಬೆಲೆ ಕೊಟ್ಟು ಕೊಂಡವರಿಗೆ ಕಾನೂನಿನ ರಕ್ಷಣೆಯಿದೆ. ಮಾರಿದವರ ಕೈಯಲ್ಲಿ ಮನೆಯ ಬದಲು ಹಣವಿದೆ, ಅಷ್ಟೇ ವ್ಯತ್ಯಾಸ. ವಿಮೆಯ ಮಿತಿಗಿಂತ ದಾವೆಯ ಮೊತ್ತ ದೊಡ್ಡದಿದ್ದರೆ, ಬಂದ ಹಣದ ಒಂದು ಭಾಗವನ್ನು ಮೂರನೆಯವರ ಕೈಯಲ್ಲಿರುವ ಎಸ್ಕ್ರೊ ಖಾತೆಯಲ್ಲಿ ಉಳಿಸಿ ಮುಂದುವರಿಯುವುದು ಮಾಲೀಕರಿಗೂ ಕ್ಷೇಮ, ಗಾಯಗೊಂಡವರಿಗೂ ಭರವಸೆ. ಅದನ್ನು ಮಾಡದೆ ಹಣವನ್ನೆಲ್ಲ ಚದುರಿಸಿಬಿಟ್ಟರೆ ತೀರ್ಪಿನ ಬಳಿಕ ಕಷ್ಟ. ತೀರ್ಪಿನ ಸಾರಾಂಶವನ್ನು ಕೌಂಟಿಯ ನೋಂದಣಿ ಕಚೇರಿಯಲ್ಲಿ ದಾಖಲಿಸಿದರೆ, ಆ ಕೌಂಟಿಯಲ್ಲಿ ಸೋತವರ ಹೆಸರಿನಲ್ಲಿರುವ ಎಲ್ಲ ಸ್ಥಿರಾಸ್ತಿಗೂ ಅದು ಹತ್ತು ವರ್ಷ ಅಂಟಿಕೊಳ್ಳುತ್ತದೆ, ನವೀಕರಿಸಲೂ ಬಹುದು. ಇಂಥ ತೀರ್ಪಿನ ಮೊತ್ತಕ್ಕೆ ವರ್ಷಕ್ಕೆ ಶೇ. 10 ಬಡ್ಡಿ.

ಕೊಳ್ಳುವವರಿಗೆ ಏನನ್ನು ಹೇಳಬೇಕು? ನಾಲ್ಕು ಮನೆಗಳವರೆಗಿನ ವಸತಿ ಆಸ್ತಿ ಮಾರುವಾಗ ಕ್ಯಾಲಿಫೋರ್ನಿಯದ ಮಾಲೀಕರು ತುಂಬಬೇಕಾದ ನಮೂನೆಯಲ್ಲಿ, ಆಸ್ತಿಗೆ ಧಕ್ಕೆ ತರಬಹುದಾದ ದಾವೆಗಳಿವೆಯೇ ಎಂಬ ಪ್ರಶ್ನೆಯೇ ಇದೆ. ಗಾಯದ ದಾವೆ ಆ ಪ್ರಶ್ನೆಯೊಳಗೆ ಬರುತ್ತದೋ ಇಲ್ಲವೋ ಎಂದು ವಕೀಲರು ತರ್ಕಿಸಬಹುದು. ಗಾಯಕ್ಕೆ ಕಾರಣವಾದ ದೋಷದ ಬಗ್ಗೆ ಮಾತ್ರ ಯಾವ ತರ್ಕಕ್ಕೂ ಎಡೆಯಿಲ್ಲ. ಕೊಳೆತ ಬಾಲ್ಕನಿಯನ್ನು ಬಣ್ಣ ಬಳಿದು ಮಾರಿದರೆ, ಮುಂದೆ ಅಲ್ಲಿಂದ ಬೀಳುವವರಿಗೂ ಹಳೆಯ ಮಾಲೀಕರು ಹೊಣೆಯಾಗಬಹುದು. ಕಣ್ಣಿಗೆ ಕಾಣುವ ದೋಷವಾದರೆ, ಮಾರಿ ಹೋದವರ ಹೊಣೆ ಅಲ್ಲಿಗೆ ಮುಗಿಯುತ್ತದೆ ಎಂದು 1986ರ ಪ್ರೆಸ್ಟನ್ ವಿರುದ್ಧ ಗೋಲ್ಡ್‌ಮನ್ ತೀರ್ಪು ಹೇಳಿದೆ. ಹಳೆಯ ಮಾಲೀಕರು ಕಟ್ಟಿಸಿದ್ದ ಕೊಳಕ್ಕೆ ಮಗುವೊಂದು ಬಿದ್ದ ಪ್ರಕರಣವದು.

ಕೊಂಡವರ ಪಾಡನ್ನು ಬೆಕರ್ ವಿರುದ್ಧ ಐಆರ್‌ಎಂ ಕಾರ್ಪೊರೇಷನ್ ಪ್ರಕರಣದಲ್ಲಿ ನೋಡಬಹುದು. 1974ರಲ್ಲಿ ಕಂಪನಿಯೊಂದು 36 ಮನೆಗಳ ಕಟ್ಟಡವನ್ನು ಕೊಂಡಿತು. ಸ್ನಾನದ ಮನೆಯ ಗಾಜಿನ ಬಾಗಿಲುಗಳು ಗಟ್ಟಿ ಮಾಡಿದ ಗಾಜಿನವಲ್ಲ ಎಂಬುದು ಮೂಲೆಯ ಸಣ್ಣ ಗುರುತು ನೋಡಿದರೆ ಮಾತ್ರ ತಿಳಿಯುತ್ತಿತ್ತು. 1978ರಲ್ಲಿ ಬಾಡಿಗೆದಾರನೊಬ್ಬ ಜಾರಿ ಬಿದ್ದು, ಗಾಜು ಚೂರಾಗಿ ತೋಳು ಸೀಳಿತು. ಕಂಪನಿಗೆ ದೋಷ ಗೊತ್ತಿರಲಿ ಬಿಡಲಿ, ಹೊಣೆ ಅದರದೇ ಎಂದು 1985ರಲ್ಲಿ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹತ್ತು ವರ್ಷದ ಬಳಿಕ, ಪೀಟರ್ಸನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಈ ನಿಯಮವನ್ನು ಹಿಂತೆಗೆದುಕೊಂಡಿತು. ಈಗ ಕೊಂಡವರು ಸಹಜ ಎಚ್ಚರದಿಂದ ಪರಿಶೀಲಿಸಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ. ಹಿಂದಿನ ಗಾಯದ ದಾವೆಯ ಕಡತವನ್ನು ಕೊಳ್ಳುವವರು ಓದಿದ್ದರೆ ಅವರಿಗೆ ದೋಷ ಗೊತ್ತಿತ್ತು ಎಂದೇ ಅರ್ಥ. ಸರಿಪಡಿಸುವ ಕರ್ತವ್ಯವೂ ಅಂದಿನಿಂದಲೇ ಶುರು.

ಸರಿಪಡಿಸಿದರೆ ತಪ್ಪೊಪ್ಪಿಕೊಂಡಂತೆ ಆಗುತ್ತದೆಂದು ಹೆದರಿ ಕೆಲವು ಮಾಲೀಕರು ಮುರಿದದ್ದನ್ನು ಹಾಗೆಯೇ ಬಿಡುತ್ತಾರೆ. ಈ ಹೆದರಿಕೆಗೆ ಆಧಾರವಿಲ್ಲ. ಅವಘಡದ ನಂತರದ ರಿಪೇರಿಯನ್ನು ನಿರ್ಲಕ್ಷ್ಯದ ಪುರಾವೆಯಾಗಿ ಬಳಸುವಂತಿಲ್ಲ ಎಂದು ಕ್ಯಾಲಿಫೋರ್ನಿಯದ ಸಾಕ್ಷ್ಯ ಸಂಹಿತೆಯ 1151ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಇನ್ನೊಬ್ಬರು ಬೀಳುವ ಮುನ್ನ ರಿಪೇರಿ ಆಗಲೇಬೇಕು. ಅದಕ್ಕೂ ಮೊದಲು ಫೋಟೊ, ಅಳತೆ, ಎದುರಿನ ವಕೀಲರಿಗೆ ಸ್ಥಳ ನೋಡುವ ಅವಕಾಶ. ತೆಗೆದ ಹಲಗೆ, ಮೊಳೆ, ಸರಳುಗಳನ್ನು ಎಸೆಯದೆ ಇಡಬೇಕು. ಮಾರಾಟದ ಗಡಿಬಿಡಿಯಲ್ಲಿ ಹೊಸ ಮಾಲೀಕರು ಎಲ್ಲ ಕೆಡವಿ ಲಾರಿಗೆ ತುಂಬಿದರೆ, ಸಾಕ್ಷ್ಯ ನಾಶದ ಅನುಮಾನ ಹಳಬರ ಮೇಲೆ ಬರುತ್ತದೆ. ಜ್ಯೂರಿ ಅದನ್ನು ಅವರ ವಿರುದ್ಧವೇ ಅರ್ಥೈಸಬಹುದು. ಹಾಗಾಗಿ ಕ್ರಯದ ಕರಾರಿನಲ್ಲೇ ಇದಕ್ಕೊಂದು ಷರತ್ತು ಇರುವುದು ಲೇಸು.

ಕಣ್ಣಿಗೆ ಬೀಳದೆ ಒಳಗೇ ಬೆಳೆಯುವ ದೋಷಗಳೂ ಇವೆ. 2015ರ ಜೂನ್‌ನಲ್ಲಿ ಬರ್ಕ್ಲಿಯ ಅಪಾರ್ಟ್‌ಮೆಂಟೊಂದರ ಬಾಲ್ಕನಿ ಕುಸಿದು ಆರು ಮಂದಿ ತರುಣ ತರುಣಿಯರು ಸತ್ತರು, ಏಳು ಮಂದಿ ಗಾಯಗೊಂಡರು. ತೇವ ಹಿಡಿದ ಮರದ ತೊಲೆಗಳು ಒಳಗೊಳಗೇ ಲಡ್ಡಾಗಿದ್ದವು. ಮೂರು ಅಥವಾ ಹೆಚ್ಚು ಮನೆಗಳಿರುವ ಬಾಡಿಗೆ ಕಟ್ಟಡಗಳ ಬಾಲ್ಕನಿ, ಹೊರಮೆಟ್ಟಿಲುಗಳ ತಪಾಸಣೆಯನ್ನು ಕಡ್ಡಾಯ ಮಾಡುವ ಕಾನೂನು ಅದಾದ ಮೇಲೆ, 2018ರಲ್ಲಿ ಬಂತು.

ಗಾಯಗೊಂಡ ಬಾಡಿಗೆದಾರ ಇನ್ನೂ ಅದೇ ಮನೆಯಲ್ಲಿದ್ದರೆ? ಮಾರಾಟದಿಂದ ಬಾಡಿಗೆ ಕರಾರು ಸಾಯುವುದಿಲ್ಲ, ಠೇವಣಿಯೂ ಹೊಸ ಮಾಲೀಕರಿಗೆ ಲೆಕ್ಕ ಸಮೇತ ದಾಟಬೇಕು ಇಲ್ಲವೇ ಬಾಡಿಗೆದಾರರಿಗೆ ಮರಳಬೇಕು. ದೂರು ಕೊಟ್ಟ ಸೇಡಿಗೆ ಎಬ್ಬಿಸುವುದನ್ನು ಕ್ಯಾಲಿಫೋರ್ನಿಯದ ಕಾನೂನು ನಿಷೇಧಿಸುತ್ತದೆ. ಖಾಲಿ ಮನೆಗೆ ಹೆಚ್ಚು ಬೆಲೆ ಬರುತ್ತದೆಂದು ಊರುಗೋಲು ಹಿಡಿದು ನಡೆಯುವವರನ್ನು ಹೊರಡಿಸುವ ಮಾಲೀಕರು ಒಂದು ದಾವೆಯ ಜೊತೆಗೆ ಇನ್ನೊಂದನ್ನು ಕಟ್ಟಿಕೊಳ್ಳುತ್ತಾರೆ.

ಭಾರತದಲ್ಲಿ ಕಾನೂನಿನ ಬೇರು ಅದೇ ಇಂಗ್ಲಿಷ್ ನೆಲದ್ದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮು, ಸ್ಥಿರಾಸ್ತಿಯ ಹಕ್ಕೇ ನೇರವಾಗಿ ಪ್ರಶ್ನೆಯಲ್ಲಿದ್ದಾಗ ಮಾತ್ರ ದಾವೆಯ ನಡುವಿನ ಪರಭಾರೆಯನ್ನು ತಡೆಯುತ್ತದೆ. 53ನೇ ಕಲಮು ಸಾಲ ಕೊಟ್ಟವರನ್ನು ವಂಚಿಸುವ ವರ್ಗಾವಣೆಯನ್ನು ರದ್ದುಪಡಿಸಲು ದಾರಿ ಕೊಡುತ್ತದೆ. ತೀರ್ಪಿಗೆ ಮುಂಚಿನ ಜಪ್ತಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶವಿದೆ. ಆದರೆ ಅದನ್ನು ಎದುರಾಳಿಯ ಕೈಕಟ್ಟಿ ರಾಜಿಗೆಳೆಯುವ ಸಾಧನವಾಗಿಸಬಾರದು ಎಂದು ಸುಪ್ರೀಂ ಕೋರ್ಟ್ 2007ರ ರಾಮನ್ ಟೆಕ್ ತೀರ್ಪಿನಲ್ಲಿ ಎಚ್ಚರಿಸಿದೆ. ಮನೆ ಮಾರಿದ ಮಾತ್ರಕ್ಕೆ ಹಳೆಯ ಮಾಲೀಕ ಬಾಡಿಗೆ ಕರಾರಿನ ಹೊಣೆಗಳಿಂದ ಬಿಡುಗಡೆಯಾಗುವುದಿಲ್ಲ, ಹೊಸಬರನ್ನು ಹೊಣೆ ಹಿಡಿಯುವ ಆಯ್ಕೆ ಬಾಡಿಗೆದಾರನದು ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮು ಹೇಳುತ್ತದೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ 1951ರಲ್ಲಿ ಕುಸಿದು ಜನ ಸತ್ತಾಗ, ಕಟ್ಟಡದ ಒಡೆತನ ಹೊತ್ತ ಪಾಲಿಕೆಯೇ ಹೊಣೆ ಎಂದು 1966ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ದಾರಿಹೋಕರ ಪ್ರಕರಣ.

ಹೀಗೆ ಕಾನೂನಿನ ಪುಸ್ತಕದಲ್ಲಿ ಕೊರತೆ ಕಡಿಮೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಮೂರನೇ ಮಹಡಿಗೆ ಹಿಡಿಕಂಬಿ ಇಲ್ಲದ ಮೆಟ್ಟಿಲು ಹತ್ತುವ ಬಾಡಿಗೆದಾರ ಬಿದ್ದರೆ ದಾವೆ ಹೂಡುವುದು ಮಾತ್ರ ಅಪರೂಪ. ಕರ್ನಾಟಕದ 1958ರ ಕೋರ್ಟ್ ಶುಲ್ಕ ಕಾಯ್ದೆಯ ಪ್ರಕಾರ ಕೇಳುವ ಪರಿಹಾರದ ಮೊತ್ತಕ್ಕೆ ತಕ್ಕಂತೆ ಶುಲ್ಕ ಕಟ್ಟಬೇಕು. ಆಸ್ಪತ್ರೆ ಬಿಲ್ಲಿಗೇ ಸಾಲ ಮಾಡಿದವರಿಗೆ ಅದೊಂದು ಗೋಡೆ. ಎದುರಿಗೆ ವಿಮಾ ಕಂಪನಿಯೂ ಇರುವುದಿಲ್ಲ, ಏಕೆಂದರೆ ಬಾಡಿಗೆ ಮನೆಗೆ ಹೊಣೆ ವಿಮೆ ಮಾಡಿಸುವ ಅಭ್ಯಾಸವೇ ನಮ್ಮ ಮಾಲೀಕರಲ್ಲಿ ಬೆಳೆದಿಲ್ಲ. ಇದು ಬದಲಾಗಬೇಕು. ಗಾಯಗೊಂಡವರಿಗೆ ಹಣ ತಲುಪಿಸುವ, ಮಾಲೀಕರನ್ನು ಬೀದಿಪಾಲಾಗದಂತೆ ಉಳಿಸುವ ಇಷ್ಟು ಸರಳವಾದ ದಾರಿ ಬೇರೆಯಿಲ್ಲ. ಇಲ್ಲಿ ಮನೆ ಕೊಳ್ಳುವವರು ಇನ್ನೊಂದನ್ನೂ ಗಮನಿಸಬೇಕು: ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲಿ (ಇಸಿ) ನೋಂದಾಯಿತ ವ್ಯವಹಾರಗಳು ಕಾಣುತ್ತವೆ, ಮಾಲೀಕರ ಮೇಲಿರುವ ಹಣದ ದಾವೆ ಕಾಣುವುದಿಲ್ಲ. ಅದಕ್ಕೆ ಇ-ಕೋರ್ಟ್ಸ್ ತಾಣದಲ್ಲಿ ಮಾರುವವರ ಹೆಸರು ಹಾಕಿ ಹುಡುಕಬೇಕು.

ಅಮೆರಿಕದ ಮನೆ ಮಾರಿ ಊರಿಗೆ ಮರಳುವ ಕನ್ನಡಿಗರ ಲೆಕ್ಕವೇ ಬೇರೆ. ಮಾರುವ ಹೊತ್ತಿಗೆ ಅವರು ಅಲ್ಲಿನ ತೆರಿಗೆ ಕಾನೂನಿನ ಪ್ರಕಾರ ವಿದೇಶಿಯರಾಗಿದ್ದರೆ, ಕೊಳ್ಳುವವರು ಸಾಮಾನ್ಯವಾಗಿ ಬೆಲೆಯ ಶೇ. 15ನ್ನು ತೆರಿಗೆಗಾಗಿ ಹಿಡಿದುಕೊಳ್ಳುತ್ತಾರೆ. ಉಳಿದ ಹಣ ಮೈಸೂರಿನ ಬ್ಯಾಂಕಿಗೆ ಬಂದರೆ ಕ್ಯಾಲಿಫೋರ್ನಿಯದ ತೀರ್ಪು ತಮ್ಮನ್ನು ಮುಟ್ಟದು ಎಂದು ನಂಬುವವರಿದ್ದಾರೆ. ಅಮೆರಿಕದ ತೀರ್ಪನ್ನು ಬ್ರಿಟನ್ ಅಥವಾ ಸಿಂಗಪುರದ ತೀರ್ಪಿನಂತೆ ಇಲ್ಲಿ ನೇರವಾಗಿ ಅಮಲು ಮಾಡಿಸಲು ಬರುವುದಿಲ್ಲ ಎನ್ನುವುದು ನಿಜ, ಏಕೆಂದರೆ ಅಮೆರಿಕ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ದೇಶಗಳ ಪಟ್ಟಿಯಲ್ಲಿಲ್ಲ. ಆದರೆ ಆ ತೀರ್ಪಿನ ಆಧಾರದ ಮೇಲೆ ಮೂರು ವರ್ಷದೊಳಗೆ ಇಲ್ಲಿ ಹೊಸ ದಾವೆ ಹೂಡಬಹುದು. ಗುಣಾವಗುಣ ನೋಡಿ ಕೊಟ್ಟ ತೀರ್ಪಾಗಿದ್ದು, ವಂಚನೆಯಂಥ ದೋಷಗಳಿಲ್ಲದಿದ್ದರೆ, ಅದೇ ಸಂಹಿತೆಯ 13ನೇ ಕಲಮಿನ ಪ್ರಕಾರ ಇಲ್ಲಿನ ನ್ಯಾಯಾಲಯ ಅದನ್ನು ಅಂತಿಮವೆಂದೇ ಪರಿಗಣಿಸುತ್ತದೆ. ಇಲ್ಲಿ ಡಿಕ್ರಿಯಾದ ಮೇಲೆ ಸೈಟನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿದರೆ, ಡಿಕ್ರಿ ಹಿಡಿದವರು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಮಿನಡಿ ಆ ದಾನಪತ್ರವನ್ನೇ ಪ್ರಶ್ನಿಸಿ ಮೈಸೂರಿನ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು.